ಜನವರಿ ಹನ್ನೆರಡರ ಚೀಟಿ

೧೮-೨-೧೯೭೪, ಸೋಮವಾರ. ಸಂಜೆ ಏಳೂವರೆ

ಬೆಳಗ್ಗೆ ಆರಕ್ಕೆ ಬಂಕು ತೆಗೆದೆವು. ಪೆಟ್ರೋಲು ನೂರ ನಲವತ್ತು ಲೀಟರು ಹೋಯಿತು. ಡೀಸೆಲ್ಲು ಅದರ ಮೂರರಷ್ಟು. ಬೆಲೆ ಏರಿದ ಮೇಲೆ ಜನ ಕೇಳುವ ರೀತಿಯೇ ಬೇರೆ. "ಐದು ಲೀಟರು" ಎನ್ನುತ್ತಿದ್ದ ಡಾಕ್ಟರು ಈಗ "ಐದು ರೂಪಾಯಿಗೆ" ಎನ್ನುತ್ತಾರೆ. ಶಿವನಸಮುದ್ರದ ಕರೆಂಟು ಆಫೀಸಿನ ಜೀಪಿನವನು ಎಣ್ಣೆಗೆ ಇಂಡೆಂಟು ಚೀಟಿ ತಂದ — ಸೀಲಿತ್ತು, ಸಾಹೇಬರ ರುಜು ಇರಲಿಲ್ಲ. ವಾಪಸ್ಸು ಕಳಿಸಿದೆ. ಬೆಲ್ಲದ ಲಾರಿಯವನ ಹತ್ತಿರ ದುಡ್ಡಿರಲಿಲ್ಲ. ಸ್ಟೆಪ್ನಿ ಟೈರು ಇಳಿಸಿ ಹೋದ. ಮದ್ದೂರಿನಿಂದ ಬರುವಾಗ ಕೊಟ್ಟು ಬಿಡಿಸಿಕೊಳ್ಳುತ್ತಾನಂತೆ. ಹಳ್ಳಿಯ ಮುದುಕ ಒಬ್ಬ ಪಂಪ್‌ಸೆಟ್ಟಿಗೆ ಡೀಸೆಲ್ಲು ಒಯ್ಯಲು ಕ್ಯಾನು ತಂದಿದ್ದ. ಪಂಚೆಯ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದ. ಪಂಪು ಹಿಡಿಯುವ ಬೋರಯ್ಯ, "ಅಯ್ನೋರೆ, ಈ ಯಜಮಾನ ಎಣ್ಸಿ ಮುಗ್ಸೋದ್ರಲ್ಲಿ ನೀವು ಮನೇಗೋಗಿ ಉಂಡ್ಕಂಡ್ ಬಂದ್ಬುಡಿ" ಎಂದ. ಮುದುಕ ತಲೆ ಎತ್ತದೆ, "ನಿಮ್ ಬೆಲೆ ನೀವ್ ಏರ್ಸಿ, ಎಣ್ಸೋ ಕೈಗ್ ಬಯ್ತೀಯೇನ್ಲಾ" ಎಂದು ಮತ್ತೆ ಮೊದಲಿನಿಂದ ಎಣಿಸಿದ. ನಗು ಬಂತು. ಒಂದು ತಿಂಗಳ ಮೇಲೆ ಇವತ್ತೇ.

ಮೇಜಿನ ಮೇಲೆ ಸಾಲದ ಚೀಟಿ ಚುಚ್ಚುವ ಕಂಬಿ. ಹನ್ನೊಂದು ಚೀಟಿ. ಎಲ್ಲಕ್ಕೂ ಕೆಳಗಿನದು ಜನವರಿ ಹನ್ನೆರಡರದು. ಪುಟ್ಟಮಾದಯ್ಯನವರ ಟ್ಯಾಕ್ಸಿ, ಇಪ್ಪತ್ತು ಲೀಟರು. ಡ್ರೈವರ್ ರುಜು — ಸಂಪತ್. ನನ್ನ ಮಗ. ಆ ಮಧ್ಯಾಹ್ನ ಹಲಗೂರು ದಾಟಿದ ಮೇಲೆ ಕಾರು ಮರಕ್ಕೆ ಹೊಡೆಯಿತು.

ಸಾಕು ಇವತ್ತಿಗೆ.

೨೦-೨-೧೯೭೪

ಕೆಲಸ ಕಡಿಮೆ. ಕೂತು ಯೋಚಿಸಿದೆ.

ಸಾಲದ ಗಿರಾಕಿಗಳಿಗೆ ಚೀಟಿ ಬರೆಯುವವನು ನಾನು. ರುಜು ಹಾಕುವವನು ಡ್ರೈವರ್. ತಿಂಗಳ ಕೊನೆಗೆ ಗಾಡಿಯ ಯಜಮಾನ ದುಡ್ಡು ಕೊಟ್ಟಾಗ ಚೀಟಿ ಅವನ ಕೈಗೆ. ಅವನೇ ನಮ್ಮೆದುರು ಹರಿದು ಬುಟ್ಟಿಗೆ ಹಾಕಬೇಕು. ಹರಿದರೆ ತೀರಿತು. ಸಾಹುಕಾರ್ ಮರಿಸಿದ್ದಯ್ಯನವರು ಬಂಕು ಶುರು ಮಾಡಿದಾಗಿನಿಂದ ಇದೇ ಪದ್ಧತಿ.

ಸಂಪತ್ ನಾಲ್ಕು ವರ್ಷ ರುಜು ಹಾಕಿದ. ಮಗ ಎಂದು ಬಿಟ್ಟವನಲ್ಲ ನಾನು. ಕೊನೆಯ ಅಕ್ಷರದಿಂದ ಚೀಟಿಯ ಅಂಚಿನವರೆಗೆ ಒಂದು ಬಾಲ ಎಳೆಯುತ್ತಿದ್ದ. "ರುಜು ಅಂದರೆ ಆಟವಲ್ಲ, ನೆಟ್ಟಗೆ ಬರಿ" ಎಂದು ಪ್ರತಿ ಸಲ ಬೈದೆ. ನಕ್ಕು ಇನ್ನೂ ಉದ್ದ ಎಳೆಯುತ್ತಿದ್ದ. ಎಷ್ಟು ಚೀಟಿ ಹರಿದು ಹೋದವೋ... ಬುಟ್ಟಿ ಖಾಲಿ ಮಾಡಿಸುತ್ತಿದ್ದವನೂ ನಾನೇ. ಸ್ಕೂಲಿನ ಪುಸ್ತಕಗಳನ್ನು ಯಾವಾಗಲೋ ತೂಕಕ್ಕೆ ಹಾಕಿದ್ದೆವು. ಈಗ ಅವನ ಕೈಬರಹ ಅಂತ ಇರುವುದು ಕಂಬಿಯಲ್ಲಿರುವ ಆ ಒಂದೇ.

೧೧-೩-೧೯೭೪, ಸೋಮವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ.

ಇವತ್ತು ಸಾಹುಕಾರರು ಬೋರ್ಡು ಬರೆಸಿದರು. ಏಪ್ರಿಲ್ ಒಂದರಿಂದ ಎಲ್ಲ ನಗದು. ಹಳೆಯ ಚೀಟಿಗಳೆಲ್ಲ ಈ ತಿಂಗಳೊಳಗೆ ತೀರಬೇಕು. "ಕಾರೇ ಇಲ್ದೋನ್ನ ಹೆಂಗ್ ಕೇಳಾನ ಅಂತ ಪುಟ್ಟಮಾದಯ್ಯನ್ನ ಬುಟ್ಟಿದ್ದೆ. ಇನ್ ಅವ್ನದೂ ತೀರ್ಸ್ಕಳಿ" ಎಂದರು.

ಹೇಳಿ ಕಳಿಸುವ ಮೊದಲೇ ಪುಟ್ಟಮಾದಯ್ಯ ಬಂದರು. ಮಂಡ್ಯದಲ್ಲಿ ಇನ್ನೊಂದು ಅಂಬಾಸಿಡರ್ ಕೊಂಡಿದ್ದಾರೆ. ಸೆಕೆಂಡ್ ಹ್ಯಾಂಡ್.

"ಯುಗಾದಿ ಮಾರ್ನೇ ದಿನ ಬತ್ತೀನಿ ಅಯ್ನೋರೆ. ಅಳೇ ಗಾಡಿ ಚೀಟಿ ಅರ್ದಾಕ್ದೆ ವಸಾ ಗಾಡಿ ರೋಡಿಗಿಳ್ಸಲ್ಲ. ಬಾಕಿ ಒತ್ಕಂಡ್ ಓಡೋ ಗಾಡಿ ಒಳ್ಳೇದಾಗಕಿಲ್ಲ."

"ಅವಸರವೇನಿಲ್ಲ" ಎಂದೆ.

೧೩-೩-೧೯೭೪

ಚೀಟಿ ಮನೆಗೆ ತಂದೆ. ಕದ್ದೆ ಎಂದೇ ಬರೆಯಬೇಕು. ಹೆಂಡತಿ ಪದ್ಮಮ್ಮ ಲಾಟೀನು ಹತ್ತಿರ ಮಾಡಿ ನೋಡಿದಳು. ಬಾಲದ ಮೇಲೆ ಬೆರಳಿಟ್ಟಳು.

"ಇದನ್ನ ಹರೀತಾರಾ?"

"ಹರಿಯಲೇಬೇಕು."

"ನಾವೇ ದುಡ್ಡು ಕೊಟ್ಟುಬಿಡೋಣ ಅಂದ್ರೆ. ನನ್ನ ಹತ್ತಿರ ಇದೆ."

ದುಡ್ಡಿನ ಮಾತಲ್ಲ ಅದು. ನಾವು ಕೊಟ್ಟರೂ ಪುಟ್ಟಮಾದಯ್ಯ ಒಪ್ಪುವವರಲ್ಲ. ಚೀಟಿ ಎಲ್ಲಿ ಎಂದೇ ಕೇಳುತ್ತಾರೆ. ಚೀಟಿ ಇಲ್ಲವೆಂದರೆ ದುಡ್ಡು ನಾನು ನುಂಗಿದೆನೆಂದು ಸಾಹುಕಾರರು ತಿಳಿಯುತ್ತಾರೆ. ಹತ್ತೊಂಬತ್ತು ವರ್ಷದ ಕೆಲಸ.

೧೪-೩-೧೯೭೪

ಖಾಲಿ ಚೀಟಿಯೊಂದನ್ನೂ ತಂದಿದ್ದೆ. ನಿನ್ನೆ ರಾತ್ರಿ ಅದರಲ್ಲಿ ಇನ್ನೊಂದು ಬರೆದೆ. ಅದೇ ತಾರೀಖು, ಅದೇ ಗಾಡಿ ನಂಬರು, ಇಪ್ಪತ್ತು ಲೀಟರು. ಮಗನ ರುಜುವನ್ನೂ ನಾನೇ ಹಾಕಿದೆ. ಪುಟ್ಟಮಾದಯ್ಯನವರಿಗೆ ಓದು ಬಾರದು. ಅದನ್ನೇ ನಂಬಿಕೊಂಡೆ. ನಾಚಿಕೆಯಾಗುತ್ತದೆ ಬರೆಯಲು.

ಇವತ್ತು ಬೆಳಗ್ಗೆ ಕಂಬಿಯಲ್ಲಿ ಎಲ್ಲಕ್ಕೂ ಕೆಳಗೆ ಸೇರಿಸಿದೆ.

೨೪-೩-೧೯೭೪

ಯುಗಾದಿ. ನಮಗೆ ಈ ವರ್ಷ ಹಬ್ಬವಿಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದು ಬಾಗಿಲಲ್ಲೇ ಕೊಟ್ಟು ಹೋದರು. ಇಬ್ಬರೂ ಮುಟ್ಟಲಿಲ್ಲ.

೨೫-೩-೧೯೭೪, ಸೋಮವಾರ. ಸಂಜೆ

ಹತ್ತು ಗಂಟೆಗೆ ಬಂದರು. ಸಾಹುಕಾರರೂ ಇದ್ದರು. ಪುಟ್ಟಮಾದಯ್ಯ ನೋಟುಗಳನ್ನು ಮೇಜಿನ ಮೇಲಿಟ್ಟರು. ಚೀಟಿ ತೆಗೆದು ಕೊಟ್ಟೆ. ಅವರು ಕಣ್ಣಿಗೆ ಹತ್ತಿರ ಹಿಡಿದರು. ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನ್ಲಾ, ಯಾವಾಗಿಂದ ಓದಕ್ ಕಲ್ತೆ?" ಎಂದರು ಸಾಹುಕಾರರು, ನಗುತ್ತ.

"ಈಗೀಗ" ಎಂದರು ಪುಟ್ಟಮಾದಯ್ಯ. ಚೀಟಿ ಎರಡಾಗಿ, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಹೊರಟರು.

ಅವರು ಹೋದ ಮೇಲೆ ಹೊಳೆಯಿತು. ನಾನು ಹಾಕಿದ ರುಜುವಿಗೆ ಬಾಲವಿರಲಿಲ್ಲ. ಅಸಲು ಚೀಟಿ ಎದುರಿಗೇ ಇತ್ತು, ಆದರೂ... ಮಗನಿಗೆ ಹೇಳುತ್ತಿದ್ದಂತೆಯೇ ಬರೆದಿದ್ದೆ. ನೆಟ್ಟಗೆ.

೨೬-೩-೧೯೭೪. ಸಂಜೆ ಏಳು

ಐದೂವರೆಗೆ ಪುಟ್ಟಮಾದಯ್ಯ ಮನೆಗೆ ಬಂದರು. ಸಾವಿನ ದಿನ ಬಂದವರು, ಆಮೇಲೆ ಇವತ್ತೇ. ಜಗುಲಿಯಲ್ಲಿ ಕೂತರು. ಪದ್ಮಮ್ಮ ನೀರು ತಂದಳು.

"ಬಾಲ ಇರ್ನಿಲ್ಲ ಅಯ್ನೋರೆ."

ನಾನು ನೀರಿನ ಲೋಟ ಅವರತ್ತ ಸರಿಸಿದೆ.

"ತಿಂಗ್ ತಿಂಗ್ಳೂ ಅರ್ದೋನು ನಾನಲ್ವಾ. ಅಕ್ಸರ ನಂಗ್ ಬರಾಕಿಲ್ಲ. ಬಾಲ ಗೊತ್ತು. ಯಾಕ್ಲಾ ಇಷ್ಟುದ್ದ ಅಂತ ಕೇಳುದ್ರೆ, ನಮ್ಮಪ್ಪಂಗೆ ರೇಗ್ಲಿ ಅಂತ ಕಣಣ್ಣ, ಅಂತಿದ್ದ."

ಒಳಗೆ ಹೋಗಿ ಅಸಲು ಚೀಟಿ ತಂದೆ. ಅವರ ಮುಂದೆ ಹಿಡಿದೆ. "ತಪ್ಪಾಯಿತು. ನಿಮ್ಮ ದುಡ್ಡು ಬಂದಿದೆ. ಇದು ನಿಮ್ಮದು. ಹರಿಯಿರಿ."

ಪದ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಪುಟ್ಟಮಾದಯ್ಯ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆ ಸವರಿದರು. ಹೆಬ್ಬೆರಳಿನಿಂದ ಬಾಲ ಹಿಡಿದು ಅಂಚಿನವರೆಗೆ ಹೋದರು. ಎದ್ದು ಅದನ್ನು ಪದ್ಮಮ್ಮನ ಕೈಗೆ ಕೊಟ್ಟರು.

"ನೀವೇ ಮಡೀಕಳಿ ಅಮ್ಮಾವ್ರೆ."

"ಹರಿಯದೆ ಗಾಡಿ ಇಳಿಸುವುದಿಲ್ಲ ಅಂದಿದ್ದಿರಿ" ಎಂದೆ.

"ಅಂದಿದ್ದೆ." ಟವಲು ಹೆಗಲಿಗೆ ಹಾಕಿಕೊಂಡರು. "ಅರೀದಿದ್ರೆ ಬಾಕಿನೇಯ. ಇರ್ಲಿ ಬುಡಿ. ಆ ಉಡ್ಗಂದು ಒಂದ್ ಬಾಕಿ ನನ್ ಮ್ಯಾಲ್ ಇರ್ಲಿ. ಇಳಿಸ್ತೀನಿ."

ಮೆಟ್ಟಿಲಿಳಿದು ತಿರುಗಿದರು. "ಬೋರಯ್ಯಂಗೆ ಏಳಿ, ಟ್ಯಾಂಕ್ ತುಂಬ ಆಕ್ಬೇಕು."

ಹೊಸ ಗಾಡಿಗೆ ಸದ್ಯ ಡ್ರೈವರ್ ಇಲ್ಲ. ಅವರೇ ಓಡಿಸುತ್ತಾರೆ. ನಾಳೆ ಆರು ಗಂಟೆಗೆ ಬಂಕಿಗೆ ಬರುತ್ತಾರೆ. ನಗದು.