ಅಮೃತಾ ಎದುರು ಮಾತಾಡಿದಳು

ಕೊಟ್ರಮ್ಮಾ, ಓದಾಕ ನೀನಿಲ್ಲ, ತಪ್ಪು ಹುಡುಕಾಕೂ ಇಲ್ಲ. ಅದಕ್ಕ ಧೈರ್ಯವಾಗಿ ಬರಿಯಾಕತ್ತೀನಿ.

ನೀ ಸತ್ತಾಗಿಂದ ನಿನ್ನ ಮಗಳು ಅಮೃತಾ ಬಾಯಿ ಬಿಟ್ಟಿರಲಿಲ್ಲ. ಇವತ್ತು ಹೆರಳು ಹಾಕುವಾಗ, "ಅಜ್ಜಿ, ಬಿಗಿ ಆತು, ನೋವಾಗ್ತೈತಿ, ಬಿಚ್ಚಬೇ" ಅಂತ ನನಗೇ ಗದರಿದಳು. ನೆಟ್ಟಗ ಸಾಲಿಗೆ ಹೋಗಿ ಶಬ್ನಮ್ ಟೀಚರ ಮುಂದ ಜಗಳಕ್ಕ ನಿಂತೆ. "ಎದುರು ಮಾತಾಡಾಕ ಕಲಿಸೀರೇನ್ರಿ?"

"ಹೌದಜ್ಜಿ, ಆರು ತಿಂಗಳು ಹಿಡೀತು" ಅಂತ ನಕ್ಕಳು ಆ ಹುಡುಗಿ. "ನೋವಾದ್ರ ಹೇಳು ಅಂತ ದಿನಾ ಹೇಳ್ತಿದ್ದೆ. ಮೊದಲು ನಿಮಗ ಹೇಳ್ಯಾಳ. ಬೇಕಂದ್ರ ನನ್ನ ಬೈಯ್ರಿ."

ಬೈಯಾಕ ಹೋದಾಕಿ ನಕ್ಕೊಂತ ಬಂದೆ. ಸಂಜಿಗೆ ಸಡಿಲ ಹೆರಳು ಹಾಕೀನಿ. ತಲಿ ಕಾಗಿ ಗೂಡಿನಂಗ ಐತಿ, ಆದರೂ ಓಣಿತುಂಬ ಕುಣೀತಾಳ.

ಹಿರೇಹಡಗಲಿ ವರ ನಿನ್ನ ನೋಡಾಕ ಬಂದ ದಿನ ನೀ ತಲಿ ತಗ್ಗಿಸಿ ಸುಮ್ನ ನಿಂತಿದ್ದಿ. ಮಗಳು ಒಪ್ಯಾಳ ಅಂತ ನಾನೇ ಮಂದಿಗೆಲ್ಲ ಸಕ್ರಿ ಹಂಚಿದೆ. ನಿನ್ನ ಒಂದು ಮಾತು ಕೇಳಲಿಲ್ಲ ನೋಡವ್ವ.