ಗೋಡೆಯೊಳಗಿನ ಫಕೀರವ್ವ

ಮಾರ್ಚ್ ೫೩, ೨೨೧೪
ಹೊಳೆದಂಡೆಯ ಆಸರೆಮನೆ

ಹಿಂದಿನವರಿಗೆ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮೊದಲ ಮಳೆ ನೆಲಕ್ಕೆ ಬೀಳುವತನಕ ಮಾರ್ಚ್ ಮುಗಿಯುವುದಿಲ್ಲ. ಕೆಲವು ವರ್ಷ ಬೇಗ ಮುಗಿಯುತ್ತದೆ, ಒಮ್ಮೆ ನೂರು ದಾಟಿದ್ದೂ ಉಂಟು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು.

ನನ್ನ ಹೆಸರು ಕಳಕವ್ವ. ಕಪ್ಪತಗುಡ್ಡದ ಬುಡದ ಊರಿನವಳು. ಗುಡ್ಡ ಸುಟ್ಟಿದೆ, ಊರು ಸುಟ್ಟಿದೆ, ನಮ್ಮ ಮಾವನವರನ್ನು ಇವತ್ತು ಬೆಳಗ್ಗೆ ಮಣ್ಣು ಮಾಡಿ ಬಂದೆವು. ನನಗೆ ಅಳು ಬರಲಿಲ್ಲ. ಅಳು ಬರದವರ ಕೈಗೆ ಆಸರೆಮನೆಯಲ್ಲಿ ಕಾಗದ ಕೊಟ್ಟು ಕೂರಿಸುತ್ತಾರೆ. ಹೋದ ಕಾಲದವರಿಗೆ, ಉತ್ತರ ಬರೆಯಲಾರದವರಿಗೆ, ಆದದ್ದನ್ನು ಆದ ಹಾಗೆ ಬರೆಯಬೇಕು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಬರೆದರೆ ಅಳು ಬರುತ್ತದಂತೆ. ಬರದಿದ್ದರೂ ನಡೆದೀತು. ಆದರೆ ನಾಳೆ ಮತ್ತೆ ಗಾಳಿ ಏಳುತ್ತದೆ, ಅಷ್ಟರೊಳಗೆ ನನ್ನ ದನಿಯನ್ನು ಗೋಡೆಬಾಯಿಗೆ ಕೊಡಬೇಕು. ಏನು ಹೇಳಿ ಕೊಡಬೇಕೋ ತಿಳಿಯುತ್ತಿಲ್ಲ. ಸರಿಯಾಗಿ ಹೇಳದಿದ್ದರೆ ನನ್ನ ಮಗಳು ಬೆಂಕಿ ಬಂದಾಗ ಓಡುವುದಿಲ್ಲ.

ಗೋಡೆಬಾಯಿ ಎಂದರೆ ಪ್ರತಿ ಮನೆಯ ಪಡಸಾಲೆಯ ಗೋಡೆಯಲ್ಲಿ ಕೂರಿಸಿದ, ಅಂಗೈಯಗಲದ, ಬೆಂಕಿಗೂ ಸುಡದ ಮಣ್ಣಿನ ಬಿಲ್ಲೆ. ಬೆಂಕಿಯ ಸುದ್ದಿ ಹೇಳುವುದು ಅದೊಂದೇ. ನಿಮ್ಮ ಕಾಲದಲ್ಲಿ ಸುದ್ದಿಗೆ ಬರವಿರಲಿಲ್ಲ ಎಂದು ಓದಿದ್ದೇನೆ. ನಾಲ್ವರಿರುವ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಸುದ್ದಿ. ಒಬ್ಬ ಬೆಂಕಿ ಇನ್ನೂ ದೂರ ಐತಿ ಅನ್ನುವನು, ಒಬ್ಬಳು ಹೋದ ವರ್ಷದ ವಿಡಿಯೋ ನೋಡಿ ಹೌಹಾರುವಳು, ಇನ್ನೊಬ್ಬ ಬಾಗಿಲಲ್ಲಿ ನಿಂತು ಹೊಗೆಯ ಫೋಟೋ ತೆಗೆಯುವನು. ಊರ ತುಂಬ ಬಾಯಿ, ಹೊರಡುವವರು ಯಾರೂ ಇಲ್ಲ! ಆಮೇಲೆ ಸರಕಾರದವರು ಸೈರನ್ ಕೂಗಿಸಿದರು, ಯಾರೂ ಕದಲಲಿಲ್ಲ. ಕಡೆಗೆ ಯಾರೋ ಪುಣ್ಯಾತ್ಮರಿಗೆ ಹೊಳೆಯಿತು, ಜನ ಸರಕಾರದ ಮಾತು ಕೇಳದಿದ್ದರೂ ಮನೆಯವರ ಮಾತು ಕೇಳುತ್ತಾರೆ ಎಂದು. ಅಂದಿನಿಂದ ಪ್ರತಿ ಮನೆಯ ಗೋಡೆಬಾಯಿಗೆ ಆ ಮನೆಯವರದೇ ಒಂದು ದನಿ. ಅದನ್ನು ಆರಿಸಲು ಊರಿನ ಸುದ್ದಿಯಾಕೆ ಬಂದು ಒಂದೇ ಪ್ರಶ್ನೆ ಕೇಳುತ್ತಾಳೆ. ಈ ಮನೆಯಲ್ಲಿ ಯಾರು ಉಣ್ಣಲು ಕರೆದರೆ ಎಲ್ಲರೂ ಏಳುತ್ತಾರೆ?

ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ನಮ್ಮ ಅತ್ತೆ ಫಕೀರವ್ವನವರ ಕಡೆಗೆ ಹೋಯಿತು. ಅವರು ಕರೆದರೆ ಎಮ್ಮೆ ಕೂಡ ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಸುದ್ದಿಯಾಕೆ ಹಜರತಬಿಯ ಮುಂದೆ ಕೂತು ಅವರು ಒಂದೊಂದೇ ಮಾತು ಹೇಳಿಕೊಟ್ಟರು. ದಿಕ್ಕುಗಳು, ಗಾಳಿ, ಗಾಡಿ, ನಮ್ಮೆಲ್ಲರ ಹೆಸರು. ಗೋಡೆಬಾಯಿ ಅವನ್ನೇ ಜೋಡಿಸಿಕೊಂಡು ಆಗಿನ ಸುದ್ದಿ ಆಗ ಹೇಳುತ್ತದೆ. ಮಾವನವರ ಹೆಸರು ಅಂದಾನೆಪ್ಪ. ಅದನ್ನು ಮಾತ್ರ ಅತ್ತೆ ಬಾಯಿ ಬಿಟ್ಟು ಹೇಳಲಿಲ್ಲ. ಗಂಡನ ಹೆಸರು ಹೇಳಲು ನಿಮ್ಮ ಕಾಲದಲ್ಲಿದ್ದ ಆ ನಾಚಿಕೆ ಅತ್ತೆಯ ತಲೆಮಾರಿನವರೆಗೂ ಬಂದಿತ್ತು ನೋಡಿ. ಹಜರತಬಿ ಎಷ್ಟು ಗೋಗರೆದರೂ "ರೀ, ಕೇಳಿಸ್ತೇನ್ರಿ?" ಎಂದಷ್ಟೇ ಹೇಳಿ ಸೆರಗು ಬಾಯಿಗೆ ಹಿಡಿದು ನಕ್ಕರು. ಬೈಗುಳ ಮಾತ್ರ ಧಾರಾಳವಾಗಿ ಕೊಟ್ಟರು.

ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ದನಿ ಬದಲಿಸಲು ಹಜರತಬಿ ಬಂದಾಗ ಮಾವ, "ಇರಲಿ ಬಿಡವಾ, ಆಕಿ ಮಾತು ಮೀರಿದವ್ರು ಈ ಮನ್ಯಾಗ ಯಾರದಾರ?" ಅಂದರು. ನಮಗೆಲ್ಲ ಅದು ಸರಿ ಅನಿಸಿತು, ಹಜರತಬಿಗೂ. ಯಾರ ಮಾತು ನಡೆಯುತ್ತದೋ ಅವರ ದನಿ ಇರಬೇಕು ಎಂಬುದೇ ಕಟ್ಟಳೆ. ಗೋಡೆಬಾಯಿ ಬೆಂಕಿ ಬಂದಾಗಲ್ಲದೆ ತುಟಿ ಬಿಚ್ಚುವುದಿಲ್ಲ, ಪರೀಕ್ಷೆಗೂ ಇಲ್ಲ. ಸುಮ್ಮಸುಮ್ಮನೆ ಕೂಗಿದರೆ ಜನರ ಕಿವಿ ಮೊಂಡಾಗುತ್ತದೆ. ಮಾವ ಆ ಗೋಡೆಯ ಕೆಳಗೇ ಹಾಸಿಗೆ ಹಾಕಿಸಿಕೊಂಡರು. ಗೋಡೆ ತಂಪೈತಿ ಅಂದರು, ನಾವೂ ಹೌದೆಂದೆವು.

ನಮ್ಮ ಮಾರ್ಚ್ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚಳಿಗಾಲದಲ್ಲಿ ತಟ್ಟಿಟ್ಟ ಕಟಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಅಷ್ಟೇ ಊಟ. ದೇವರ ಮುಂದೆ ದೀಪದ ಬದಲು ನೀರು ತುಂಬಿದ ಬಟ್ಟಲು. ದನಗಳಿಗೆ ಜಗ್ಗಿದರೆ ಬಿಚ್ಚುವ ಗಂಟು. ಬಾಗಿಲ ಪಕ್ಕ ಬುತ್ತಿಯ ಗಂಟು, ತೋಯಿಸಿದ ಕಂಬಳಿ. ಮಲಗುವಾಗ ಚಪ್ಪಲಿ ತಲೆದಿಂಬಿನ ಹತ್ತಿರ. ಮಕ್ಕಳು ಇದನ್ನೇ ಆಟ ಮಾಡಿಕೊಂಡು, ಒಬ್ಬರ ಚಪ್ಪಲಿ ಒಬ್ಬರು ಮುಚ್ಚಿಟ್ಟು ಏಟು ತಿನ್ನುತ್ತವೆ. ಇಷ್ಟರ ನಡುವೆ ಮದುವೆ ಮಾತುಕತೆಯೂ ನಡೆಯುತ್ತದೆ, ಜಗಳವೂ ನಡೆಯುತ್ತದೆ.

ಬೆಂಕಿ ಬಂದದ್ದು ಮಧ್ಯಾಹ್ನ, ಉಂಡು ಅಡ್ಡಾದ ಹೊತ್ತಿಗೆ. ಗೋಡೆ ಒಮ್ಮೆಲೇ ಮಾತಾಡಿತು. "ಏಳ್ರಿ ಎಲ್ಲಾರೂ! ಏನ್ ನೋಡ್ಕೊಂತ ಕುಂತೀರಿ? ಪಡುವಣ ಗಾಳಿ ಐತಿ, ಬೆಂಕಿ ಗುಡ್ಡದ ನೆತ್ತಿ ದಾಟೇತಿ. ಮನಿ ಹೋದ್ರ ಮತ್ತ ಕಟ್ಟೂಣು. ತುಂಗಿ, ಚಪ್ಪಲಿ ಮೆಟ್ಟು!" ಏಳು ವರ್ಷದ ನನ್ನ ಮಗಳು ತುಂಗಿ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಅವಳ ರಟ್ಟೆ ಹಿಡಿದು ಎಳೆದೆ. ಮಾವ ಎಲ್ಲರಿಗಿಂತ ನಿಧಾನವಾಗಿ ಎದ್ದರು. ಅವರ ಮುಖದ ಮೇಲೆ ನಗು ಇತ್ತು. ಆದರೂ ನಮ್ಮ ಜೊತೆಗೇ ಬಂದು ಗಾಡಿ ಹತ್ತಿದರು.

ಓಣಿಗೊಂದು ಗಾಡಿ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಚಾಲಕನ ಮುಂದಿನ ಹಲಗೆಯಲ್ಲಿ ಪ್ರತಿ ಮನೆಗೂ ಒಂದು ಚಿಕ್ಕ ದೀಪ. ಮನೆ ಖಾಲಿಯಾದರೆ ಗೋಡೆಬಾಯಿ ಸುಮ್ಮನಾಗುತ್ತದೆ, ದೀಪ ಆರುತ್ತದೆ. ಜನ ಇನ್ನೂ ಹತ್ತುತ್ತಿದ್ದಾಗ ಮಾವ, "ಚಾಳೀಸ ಮರತೆ, ಈಗ ಬಂದೆ" ಎಂದು ಇಳಿದು ಹೊಗೆಯೊಳಗೆ ಹೋದರು. ನನ್ನ ಗಂಡ ಯಮನೂರಪ್ಪ ಆಗ ಪಕ್ಕದ ಮನೆಯ ಬಾಣಂತಿಯನ್ನು ಎತ್ತಿ ಕೂರಿಸುತ್ತಿದ್ದರು. ತುಂಗಿ ನನ್ನ ಸೆರಗು ಜಗ್ಗಿ, "ಅವ್ವಾ, ಮುತ್ಯಾನ ಚಾಳೀಸ ಮೂಗಿನ ಮ್ಯಾಲೇ ಇತ್ತಲ್ಲ?" ಅಂದಳು.

ಆರಿದ್ದ ನಮ್ಮ ಮನೆಯ ದೀಪ ಹಲಗೆಯ ಮೇಲೆ ಮತ್ತೆ ಹತ್ತಿತು. ನನ್ನ ಗಂಡ ಜಿಗಿದರು. ಓಣಿಯ ತಿರುವಿನಲ್ಲಿ ಆಗಲೇ ಬೆಂಕಿ ಇತ್ತು, ಇಬ್ಬರು ಅವರನ್ನು ಹಿಡಿದು ಒಳಗೆ ಎಳೆದುಕೊಂಡರು. ಗಾಡಿ ಹೊರಟಿತು. ಹೊಳೆ ಕಾಣುವತನಕ ಆ ದೀಪ ಉರಿಯುತ್ತಲೇ ಇತ್ತು, ಆಮೇಲೆ ಆರಿತು. ನಾನು ತುಂಗಿಗೆ ನೀರು ಕುಡಿಸಿದೆ.

ಬೂದಿಯಲ್ಲಿ ಸಿಕ್ಕ ಬಿಲ್ಲೆಯನ್ನು ನಿನ್ನೆ ಹಜರತಬಿ ತಂದಳು. ಮನೆಯಲ್ಲಿ ಉಳಿದವರು ಏನು ಉತ್ತರ ಕೊಟ್ಟರೆಂಬುದು ಅದರಲ್ಲಿ ಉಳಿದಿರುತ್ತದೆ, ಮನೆಯವರಿಗೆ ಕೇಳಿಸಬೇಕೆಂಬುದು ನಿಯಮ. "ರೀ, ಕೇಳಿಸ್ತೇನ್ರಿ? ಏಳ್ರಿ, ಹೊಂಡ್ರಿ" ಎನ್ನುತ್ತಾರೆ ಅತ್ತೆ. "ಕೇಳಿಸ್ತು. ಇನ್ನೊಮ್ಮೆ ಅನ್ನು" ಎನ್ನುತ್ತಾರೆ ಮಾವ. ಆಕೆ ಇನ್ನೊಮ್ಮೆ ಅನ್ನುತ್ತಾರೆ. ಮನುಷ್ಯರಿರುವತನಕ ಅನ್ನುತ್ತಲೇ ಇರಲಿ ಎಂದು ತಾನೇ ಅದನ್ನು ಮಾಡಿರುವುದು. ಮಾವ ಎಮ್ಮೆ ಕರು ಹಾಕಿದ್ದು ಹೇಳುತ್ತಾರೆ. ತುಂಗಿಯ ಮುಂದಿನ ಹಲ್ಲು ಬಿದ್ದದ್ದು ಹೇಳುತ್ತಾರೆ. ಅತ್ತೆ ಪಡುವಣ ಗಾಳಿ ಐತಿ ಎನ್ನುತ್ತಾರೆ. ನನ್ನ ಗಂಡ ಎದ್ದು ಹೊರಗೆ ಹೋದರು. ನಾನು ಪೂರ್ತಿ ಕೇಳಿದೆ.

ತುಂಗಿ ಮಲಗಿದ್ದಾಳೆ ಅಂದುಕೊಂಡಿದ್ದೆವು. ಅವಳು ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದಾಳೆ. ಬೆಳಗ್ಗೆ ಎದ್ದವಳೇ, "ಆಯಿ ಇನ್ನ ಯಾವಾಗ ಮಾತಾಡ್ತಾಳ?" ಅಂದಳು. ಆಯಿ ಎಂದರೆ ಅಜ್ಜಿ. ನಾನು ಅವಳ ತಲೆ ಬಾಚಿದೆ. ಈಗ ನೋಡಿದರೆ, ಇಲ್ಲಿಯ ಗೋಡೆಬಾಯಿಯ ಕೆಳಗೆ ತನ್ನ ಚಾಪೆ ಎಳೆದುಕೊಂಡಿದ್ದಾಳೆ. ಆಸರೆಮನೆಯಲ್ಲೂ ಪ್ರತಿ ಕುಟುಂಬದ ಕೋಣೆಗೆ ಒಂದು ಬಿಲ್ಲೆ ಇದೆ, ನಮ್ಮದಕ್ಕೆ ಇನ್ನೂ ದನಿ ಇಲ್ಲ. "ನೀನ ಕೊಡು, ನಿನ್ನ ದನಿ ನಡುಗೂದಿಲ್ಲ" ಅಂದಳು ಹಜರತಬಿ. ನಾನೂ ಒಂದು ದಿನ ಸಾಯುವವಳೇ. ಆಗ ತುಂಗಿ ಗೋಡೆ ತಂಪೈತಿ ಎಂದು ಹಾಸಿಗೆ ಹಾಕಿಸಿಕೊಂಡರೆ ನಾನೇನು ಮಾಡಲಿ? ಹೆದರಿಕೆಯಾಗುತ್ತಿದೆ. ಇಷ್ಟು ದಿನದಲ್ಲಿ ನನಗೆ ಆಗಿರುವುದು ಅದೊಂದೇ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಫೋನುಗಳಲ್ಲಿ ನಿಮ್ಮವರ ದನಿ ಬೇಕಾದಷ್ಟಿದೆಯಂತೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದದ್ದು, ಬರುವಾಗ ಎಲೆ ಅಡಿಕೆ ತಾ ಎಂದದ್ದು, ಸುಮ್ಮನೆ ಕೆಮ್ಮಿದ್ದು. ಅವನ್ನು ಉಳಿಸಿಡಿ. ಸತ್ತವರ ದನಿಯನ್ನು ಉಂಡು ಕೂತಾಗ, ಬೇಸರವಾದಾಗ, ಹೊಟ್ಟೆ ತುಂಬ ಕೇಳಿ. ಎಚ್ಚರಿಕೆ ಹೇಳಲು ಬದುಕಿರುವವರನ್ನು ಇಡಿ, ಅವರು ಒರಟರಾದರೂ ಚಿಂತೆಯಿಲ್ಲ. ನಾವು ಫಕೀರವ್ವನವರ ಪ್ರೀತಿಯ ಮಾತು ಒಂದನ್ನೂ ಎಲ್ಲೂ ಇಟ್ಟುಕೊಳ್ಳಲಿಲ್ಲ. ಮಾವನವರು ಅದಕ್ಕಾಗಿ ಬೆಂಕಿಯ ದಾರಿ ಕಾಯಬೇಕಾಯಿತು.

ಹಜರತಬಿ ಬಾಗಿಲಲ್ಲಿ ನಿಂತಿದ್ದಾಳೆ. ಅಳು ಬರಲಿಲ್ಲ, ಆದರೆ ಹೇಳಬೇಕಾದ ಮಾತು ಸಿಕ್ಕಿತು. ದಿಕ್ಕು, ಗಾಳಿ, ದಾರಿ ಎಲ್ಲ ಹೇಳಿಕೊಡುತ್ತೇನೆ. ಪ್ರತಿ ಸುದ್ದಿಯ ಕೊನೆಗೂ ಈ ಒಂದು ಮಾತು ಬರಲೇಬೇಕೆಂದು ಹಟ ಹಿಡಿಯುತ್ತೇನೆ. ನಾನು ಸತ್ತ ಮೇಲೆ ಅದು ಸುಳ್ಳಾಗುತ್ತದೆ, ಆಗಲಿ. ನಿಮಗೆ ಶರಣು, ಬರುತ್ತೇನೆ.

"ತುಂಗಿ, ನಾ ಈ ಮನ್ಯಾಗಿಲ್ಲ. ಗಾಡ್ಯಾಗ ಕುಂತೀನಿ, ನಿನಗ ಜಾಗಾ ಹಿಡದೀನಿ. ಲಗೂನ ಬಾ."