ಮೂರು ದಿನದ ಪೆಟ್ಟಿಗೆ

ನವೆಂಬರ್ 3, ಸೋಮವಾರ

ಸ್ವಸ್ತಿಶ್ರೀ. ಜರ್ಮನಿಯ ಬಾನ್ ಪುರವರಾಧೀಶ್ವರ, ಅಂಟುಪಟ್ಟಿ ಸಾರ್ವಭೌಮ, ರಟ್ಟುಪೆಟ್ಟಿಗೆ ಮಾರ್ತಾಂಡ, ಮಂಗಳೂರು ಮೂಲದ, ಎಂ.ಎಸ್ಸಿ. ಎರಡನೇ ವರ್ಷದ ಶ್ರೀಮಾನ್ ಸ್ಯಾವಿಯೊ ಅವರು ದಿನಚರಿಯೆಂಬ ಮಹಾಸನ್ನಿಧಾನಕ್ಕೆ ಬಿನ್ನವಿಸಿಕೊಳ್ಳುವುದೇನೆಂದರೆ — ಇಂದು ಮಧ್ಯಾಹ್ನ 12.40ಕ್ಕೆ, 61ನೇ ಪೆಟ್ಟಿಗೆಗೆ ಲೇಬಲ್ ಅಂಟಿಸುತ್ತಿರುವಾಗ, ಯುದ್ಧ ಸಾರಲಾಗಿದೆ.

ಶತ್ರು: ರಾಮದಾಸಣ್ಣ. ಉಡುಪಿಯವರು. ನಮ್ಮ ಗೋದಾಮಿನ ಮುಖ್ಯಸ್ಥರು.

ಕಾರಣ ದಾಖಲಾಗಲಿ. ನಮ್ಮದು ಮೂರು ದ್ವೀಪಗಳ ಒಂದು ಪುಟ್ಟ ದೇಶದ ಪರಿಹಾರ ಸೊಸೈಟಿ. ದೇಶದ ಅಷ್ಟೂ ಜನರನ್ನು ಮಂಗಳೂರಿನ ನೆಹರೂ ಮೈದಾನದಲ್ಲಿ ಕೂರಿಸಿ ಚಹಾ ಕೊಡಬಹುದು. ಇಲ್ಲಿಯ ಆಫೀಸೆಂದರೆ ಎರಡು ಕೋಣೆ, ಕೆಳಗೊಂದು ಕೆಲ್ಲರ್ ಎಂಬ ನೆಲಮಾಳಿಗೆ, ಹಿಂದೆ ಅಂಗಳ. ಹಿಂದೊಮ್ಮೆ ಚಂಡಮಾರುತ ಆ ದ್ವೀಪಗಳ ಮನೆಗಳನ್ನು ಹೊತ್ತೊಯ್ದಾಗ ದೊಡ್ಡ ದೇಶಗಳು ಪೆಟ್ಟಿಗೆ ಕಳಿಸಿದವಂತೆ. ಒಳಗೆ ಹೈಹೀಲ್ ಚಪ್ಪಲಿ. ಓಪನರ್ ಇಲ್ಲದ ಡಬ್ಬಿ. ಅಂದಿನಿಂದ ಒಂದು ನಿಯಮ. ಯಾವ ಪೆಟ್ಟಿಗೆಯನ್ನೂ ಕಳಿಸುವ ಮೊದಲು ನಮ್ಮಲ್ಲೊಬ್ಬರು ಅದೊಂದನ್ನೇ ನಂಬಿ ಮೂರು ದಿನ ಅಂಗಳದ ಟೆಂಟಿನಲ್ಲಿ ಬದುಕಬೇಕು. ಹೊರಗಿನದು ಒಂದು ತುತ್ತೂ ಇಲ್ಲ. ಆಮೇಲೆ ವರದಿ.

ಅಕ್ಟೋಬರಿನಲ್ಲಿ ಆ ಒಬ್ಬ ನಾನು. ಹನ್ನೊಂದು ಪುಟದ ವರದಿ ಬರೆದೆ. ಓಪನರ್ ಸೇರಿಸಿ. ಒಲೆಗೆ ಹನ್ನೆರಡು ಇಂಧನ ಬಿಲ್ಲೆ ಸಾಲದು, ಇಪ್ಪತ್ತು ಇಡಿ. ಈಗ 480 ಪೆಟ್ಟಿಗೆ ಅದರಂತೆಯೇ ತುಂಬುತ್ತಿದ್ದೇವೆ — ಯುರೋಪಿನ ಪೂರ್ವದ ಬೆಟ್ಟಗಳಲ್ಲಿ ನೆರೆಗೆ ಮನೆ ಕಳೆದುಕೊಂಡ 480 ಕುಟುಂಬಗಳಿಗೆ.

ಇಂದು ಸೊಸೈಟಿಯ ಪತ್ರಿಕೆ ಬಂತು. 'ಮಾದರಿ ವರದಿ.' ಕೆಳಗೆ ಹೆಸರು: ರಾಮದಾಸ್. ಫೋಟೊ ಬೇರೆ. ನಗುತ್ತಿದ್ದಾರೆ.

ನವೆಂಬರ್ 4, ಮಂಗಳವಾರ

ಕೇಳಿಯೇ ಬಿಟ್ಟೆ.

"ರಾಮದಾಸಣ್ಣ, ಅದು ನಾನು ಬರ್ದದ್ದು."

"ಹೌದು ಮಾರಾಯ. ಯಾರು ಇಲ್ಲ ಹೇಳಿದ್ದು? ಆದ್ರೆ ಕಳ್ಸಿದ್ದು ನಾನಲ್ವಾ. ಸ್ಟೂಡೆಂಟ್ ಹೆಸ್ರಲ್ಲಿ ಹೋದ್ರೆ ಅಲ್ಲಿ ಯಾರೂ ಓದ್ಲಿಕ್ಕಿಲ್ಲ."

"ಕೆಳಗೆ ನನ್ನ ಹೆಸ್ರು ಹಾಕ್ಬಹುದಿತ್ತು."

"ಹಾಕುವ, ಮುಂದಿನ ಸಲ ಹಾಕುವ. ಈಗ ಆ ಟೇಪ್ ಕೊಡು."

ಟೇಪ್ ಕೊಟ್ಟೆ. ಅದಕ್ಕಾಗಿ ನನ್ನ ಮೇಲೂ ಸಿಟ್ಟಿದೆ. ಆದರೆ ಅದು ಎರಡನೇ ಯುದ್ಧ.

ಸಂಜೆ ಕೆಲ್ಲರ್‌ನಲ್ಲಿ ಜೆಸ್ಸಿ ಅಕ್ಕ ಇನ್ನೊಂದು ಸುದ್ದಿ ಹೇಳಿದರು. ಅವರು ಆಫೀಸು ನೋಡಿಕೊಳ್ಳುವವರು, ಕುಂದಾಪುರದವರು, ಅವರಿಗೆ ತಿಳಿಯದ್ದಿಲ್ಲ. ಪೆಟ್ಟಿಗೆ ಒಯ್ಯುವ ಲಾರಿಯಲ್ಲಿ ಡ್ರೈವರ್ ಪಕ್ಕ ಒಂದೇ ಸೀಟು. ಅದು ವರದಿ ಬರೆದವರಿಗಂತೆ.

ಏಳು ತಿಂಗಳಿಂದ ಪೆಟ್ಟಿಗೆ ಮುಚ್ಚುತ್ತಿದ್ದೇನೆ. ತೆರೆಯುವವರ ಮುಖ ಒಮ್ಮೆಯೂ ನೋಡಿಲ್ಲ. ಆ ಸೀಟು ನನ್ನದು.

ಪ್ರತಿಜ್ಞೆ: ಸೇಡು ತೀರುವವರೆಗೆ ರಾಮದಾಸಣ್ಣ ತರುವ ಚಕ್ಕುಲಿ ಮುಟ್ಟುವುದಿಲ್ಲ.

ನವೆಂಬರ್ 5

ಎರಡು ಚಕ್ಕುಲಿ ತಿಂದೆ. ಪ್ರತಿಜ್ಞೆ ತಿದ್ದುಪಡಿಯಾಗಿದೆ. ಸೇಡು ಹಾಗೆಯೇ ಇದೆ.

ನವೆಂಬರ್ 7, ಶುಕ್ರವಾರ

ಧರ್ಮ ಗೆದ್ದಿದೆ. ದ್ವೀಪದಿಂದ ಸೊಸೈಟಿಯ ಅಧ್ಯಕ್ಷೆಯ ಮೇಲ್. ಎಂಬತ್ತು ದಾಟಿದ ನಿವೃತ್ತ ನರ್ಸ್, ಎರಡು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಚಳಿಗಾಲ ಶುರುವಾಗಿದೆ, ಪೆಟ್ಟಿಗೆಯನ್ನು ಮತ್ತೊಮ್ಮೆ ಪರೀಕ್ಷಿಸಿ. ಲಾರಿಯಲ್ಲಿ ಹೋಗುವವರೇ ಟೆಂಟಿನಲ್ಲಿ ಕೂರಲಿ.

ರಾಮದಾಸಣ್ಣ ಮೇಲ್ ಅನ್ನು ಮೂರು ಸಲ ಓದಿದರು. ಹೊರಗೆ ನಾಲ್ಕು ಡಿಗ್ರಿ.

"ಸ್ಯಾವಿಯೊ, ಟೆಸ್ಟ್ ಪೆಟ್ಟಿಗೆ ಒಂದು ನೀನೇ ಪ್ಯಾಕ್ ಮಾಡು."

ಅವರ ಬಾಯಿಂದಲೇ ಬಂತು, ದಿನಚರಿ. ನಾನು ಕೇಳಲಿಲ್ಲ.

ನ್ಯಾಯಪೀಠ ಹೀಗೆ ತೀರ್ಪಿತ್ತಿದೆ. ಓಪನರ್ ಹೊರಗೆ. ಹತ್ತು ನಿಮಿಷದಲ್ಲಿ ಬೇಯುವ ಕೆಂಪು ಬೇಳೆ ಹೊರಗೆ, ಅದರ ಜಾಗದಲ್ಲಿ ಒಣ ಕಾಬೂಲಿ ಕಡಲೆ. ಕೈಗವಸು ಎರಡೂ ಎಡಗೈಯದು. ದೊಡ್ಡವರ ಸ್ಲೀಪಿಂಗ್ ಬ್ಯಾಗ್ ಬದಲು ಹತ್ತು ವರ್ಷದ ಮಕ್ಕಳದು, ಅದರ ಮೇಲೆ ಡೈನೋಸಾರ್. ಇಂಧನ ಮಾತ್ರ ಮುಟ್ಟಲಿಲ್ಲ. ಇಪ್ಪತ್ತು ಬಿಲ್ಲೆ ಹಾಗೆಯೇ ಇಟ್ಟೆ. ಅದು ನನ್ನ ವರದಿಯ ಗೌರವ.

ಟೇಪ್ ಸುತ್ತುವಾಗ ಶಿಳ್ಳೆ ಹಾಕುತ್ತಿದ್ದೆನಂತೆ. ಜೆಸ್ಸಿ ಅಕ್ಕ ಕೇಳಿದರು, "ಎಂತ, ಭಾರೀ ಖುಷಿ?"

"ಸೇವಾ ಮನೋಭಾವ ಅಕ್ಕ."

ನವೆಂಬರ್ 10, ಸೋಮವಾರ, ಬೆಳಿಗ್ಗೆ 10

ರಾಮದಾಸಣ್ಣ ಫೋನು, ಪರ್ಸು, ಮನೆಯ ಕೀಲಿ ಎಲ್ಲ ಜೆಸ್ಸಿ ಅಕ್ಕನ ಡ್ರಾಯರ್‌ಗೆ ಒಪ್ಪಿಸಿ ಟೆಂಟಿಗೆ ಹೋದರು. ನಾನು ಕಿಟಕಿಯಲ್ಲಿ. ಕೈಯಲ್ಲಿ ಕಾಫಿ. ಹಬೆ ಅವರಿಗೆ ಕಾಣುವಂತೆ ಹಿಡಿದಿದ್ದೇನೆ.

ಮಧ್ಯಾಹ್ನ 2

ಮೊದಲ ಫಲ. ಟೆಂಟಿನಿಂದ ತಲೆ ಹೊರಬಂತು.

"ಸ್ಯಾವಿಯೊ, ಓಪನರ್ ಹಾಕ್ಲಿಕ್ಕೆ ಮರ್ತಿದ್ದಿ."

"ಅಯ್ಯೋ ಹೌದಾ ಅಣ್ಣ? ತಂದುಕೊಡ್ಲಾ?"

"ಬೇಡ ಬೇಡ, ನಿಯಮ ಉಂಟಲ್ಲ. ಆದ್ರೆ ಇದ್ರಲ್ಲಿ ಇಲ್ಲದಿದ್ರೆ ಉಳಿದದ್ರಲ್ಲೂ ಇಲ್ಲದೆ ಇರ್ಬಹುದು. 480ನ್ನೂ ಬಿಚ್ಚಿ ನೋಡು."

480.

ಡಬ್ಬಿಯನ್ನು ಅಂಗಳದ ಸಿಮೆಂಟಿಗೆ ಉಜ್ಜಿ ಉಜ್ಜಿ ತೆರೆದರು. ನಾನು ಕೆಲ್ಲರ್‌ಗೆ ಇಳಿದೆ.

ನವೆಂಬರ್ 11, ಮಂಗಳವಾರ, ಸಂಜೆ 6

ನಿನ್ನೆಯಿಂದ 480 ಪೆಟ್ಟಿಗೆ ಬಿಚ್ಚಿ ಮುಚ್ಚಿದ್ದೇನೆ. ಎಲ್ಲದರಲ್ಲೂ ಓಪನರ್ ಇದೆ. ಇರದೆ ಏನು, ಹಾಕಿದವನು ನಾನೇ. ಬೆರಳ ತುದಿಗಳು ಸುಲಿದಿವೆ. ಇದನ್ನೂ ಅವರ ಖಾತೆಗೇ ಬರೆದಿದ್ದೇನೆ.

ಇವತ್ತು ಸೇಂಟ್ ಮಾರ್ಟಿನ್ ದಿನ. ಬೀದಿಯ ತುಂಬ ಶಾಲೆಯ ಮಕ್ಕಳು, ಕಾಗದದ ಲಾಟೀನು, ಹಾಡು. ನಮ್ಮ ಬೇಲಿಯ ಬಳಿ ಒಂದು ಹುಡುಗಿ ನಿಂತಳು. ಬಾತುಕೋಳಿ ಲಾಟೀನು. ಟೆಂಟಿನ ಮುಂದೆ ಡೈನೋಸಾರ್ ಹೊದ್ದು ಕೂತ ರಾಮದಾಸಣ್ಣನನ್ನು ತುಂಬ ಹೊತ್ತು ನೋಡಿ, ಇಲ್ಲೇನಾ ನಿನ್ನ ಮನೆ ಎಂದು ಜರ್ಮನ್‌ನಲ್ಲಿ ಕೇಳಿದಳು. ನಾಡಿದ್ದಿನವರೆಗೆ ಹೌದು ಎಂದರು ಇವರು. ಅವಳು ತನ್ನ ವೆಕ್‌ಮನ್ — ಈ ಹಬ್ಬಕ್ಕೆ ಮಾಡುವ ಗೊಂಬೆಯಾಕಾರದ ಸಿಹಿ ಬನ್ನು — ಬೇಲಿಯ ಸಂದಿನಿಂದ ಚಾಚಿದಳು.

ನಾನು ಫೋನ್ ಕ್ಯಾಮೆರಾ ತೆರೆದೆ. ತಿನ್ನಲಿ. ಒಂದು ತುತ್ತು ಸಾಕು. ನಿಯಮಭಂಗ, ಸಾಕ್ಷಿ ಸಮೇತ, ನೇರ ಅಧ್ಯಕ್ಷೆಗೆ. ಸೀಟು ಖಾಲಿ.

ಕೈ ಮುಂದೆ ಬಂತು. ಬನ್ನನ್ನು ಮುಟ್ಟಿತು. ಆಮೇಲೆ ಅದನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿತು.

ಹುಡುಗಿ ಹೋದ ಮೇಲೆ ನನ್ನನ್ನು ಕಿಟಕಿಯಲ್ಲಿ ಕಂಡರು. "ಬೆಣ್ಣೆ ಪರಿಮಳ ಮಾರಾಯ. ಸಾಯುವಷ್ಟು."

ವೀಡಿಯೊ ಡಿಲೀಟ್ ಮಾಡಿದೆ. ಬೆಳಕು ಸರಿ ಇರಲಿಲ್ಲ.

ನವೆಂಬರ್ 13, ಗುರುವಾರ, ಮಧ್ಯಾಹ್ನ 3

ಬೆಳಿಗ್ಗೆ ಹತ್ತಕ್ಕೆ ಹೊರಬಂದರು. ಗಡ್ಡ, ಕೆಂಪು ಕಣ್ಣು. ಜೆಸ್ಸಿ ಅಕ್ಕ ಗಂಜಿ, ಉಪ್ಪಿನಕಾಯಿ ತಂದಿದ್ದರು. ಎರಡು ತಟ್ಟೆ ಉಂಡರು. ನಾನು ನೋಡಿ ಆನಂದಿಸಬೇಕಿತ್ತು. ಪ್ರಯತ್ನ ಪಟ್ಟೆ.

"ಇಂಧನ ಮೊನ್ನೆ ರಾತ್ರಿಯೇ ಮುಗೀತು," ಅಂದರು. "ಇಪ್ಪತ್ತೂ."

"ಕಡಲೆಯಿಂದ ಇರ್ಬಹುದು ಅಣ್ಣ."

"ಕಡಲೆ ಬೇಯಿಸ್ಲೇ ಇಲ್ಲ. ನೆನೆಸಿ ಹಸಿಯೇ ತಿಂದದ್ದು. ಬರೀ ನೀರು ಕಾಯಿಸಿ, ಡಬ್ಬಿ ಬಿಸಿ ಮಾಡಿದ್ದು. ನಿನ್ನೆ ಇಡೀ ದಿನ ತಣ್ಣಗಿನದ್ದೇ."

ಹನ್ನೊಂದಕ್ಕೆ ಅಧ್ಯಕ್ಷೆಯೊಂದಿಗೆ ವೀಡಿಯೊ ಕಾಲ್. ನಾನು ಮೂಲೆಯಲ್ಲಿ. ರಾಮದಾಸಣ್ಣ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಅಕ್ಟೋಬರಿನ ವರದಿ ಈ ಹುಡುಗನದು, ನನ್ನ ಹೆಸರು ಹಾಕಿಕೊಂಡದ್ದು ತಪ್ಪು, ಸೀಟು ಅವನಿಗೆ ಕೊಡಿ — ಇಂಗ್ಲಿಷ್‌ನಲ್ಲಿ, ಓದಿ ಒಪ್ಪಿಸಿದಂತೆ ಹೇಳಿದರು. ಕೈಯಲ್ಲಿ ಇನ್ನೂ ಆ ಎಡಗೈ ಗವಸು.

ಹಾಗಾದರೆ ಇಪ್ಪತ್ತು ಬಿಲ್ಲೆ ಸಾಕೋ ಸಾಲದೋ? ಅಧ್ಯಕ್ಷೆ ಕೇಳಿದರು.

ತಪ್ಪು ನನ್ನದೇ ಇರಬೇಕು ಎಂದರು ರಾಮದಾಸಣ್ಣ. ಚಳಿಗೆ ಹೆದರಿ ಹೆಚ್ಚು ಉರಿಸಿದೆ. ಮೂರು ದಿನ ಕೂತು ಇಪ್ಪತ್ತು ಸಾಕೆಂದು ಲೆಕ್ಕ ಹಾಕಿದವನು ಅವನು. ಅವನ ಮಾತೇ ಕೊನೆ.

ಸಂಜೆ ಆರರೊಳಗೆ ನಾನು ಒಂದು ಸಾಲು ಬರೆದು ಕಳಿಸಬೇಕು. ಸಾಕು ಎಂದರೆ ನಾಳೆ ಬೆಳಿಗ್ಗೆ ಎಂಟಕ್ಕೆ ಲಾರಿ ಹೊರಡುತ್ತದೆ, ಡ್ರೈವರ್ ಪಕ್ಕ ನಾನು. ಸಾಲದು ಎಂದರೆ ಲಾರಿ ಸೋಮವಾರದವರೆಗೆ ನಿಲ್ಲುತ್ತದೆ, ಪ್ರತಿ ಪೆಟ್ಟಿಗೆಗೂ ಇನ್ನೊಂದು ಪ್ಯಾಕೆಟ್.

ಕಾಲ್ ಮುಗಿದ ಮೇಲೆ ರಾಮದಾಸಣ್ಣ ಬಾಗಿಲಲ್ಲಿ ನಿಂತರು. "ಒಳಗೆ ಕೂತ ಮೇಲೇ ಗೊತ್ತಾದದ್ದು ಮಾರಾಯ. ಇಷ್ಟು ಕಷ್ಟಪಟ್ಟು ಬರ್ದದ್ದಂತ ಗೊತ್ತಿದ್ರೆ ನಿನ್ನ ಹೆಸ್ರು ತೆಗೀತಿರ್ಲಿಲ್ಲ."

ಸಂಪೂರ್ಣ ವಿಜಯ. ಶತ್ರು ಶರಣಾಗಿದ್ದಾನೆ. ಹೆಸರು ಸಿಕ್ಕಿತು, ಸೀಟು ಸಿಕ್ಕಿತು, ಮೂರು ದಿನ ಚಳಿಯಲ್ಲಿ ನಡುಗಿಸಿದ್ದೂ ಆಯಿತು.

ಸಂಜೆ 5.40

ಮೇಲ್ ಇನ್ನೂ ಖಾಲಿ. 'ಮಾನ್ಯ ಅಧ್ಯಕ್ಷೆಯವರೇ' ಎಂಬಷ್ಟೇ ಇದೆ.

ನಿನಗೂ ಹೇಳಿರಲಿಲ್ಲ, ದಿನಚರಿ. ಅಕ್ಟೋಬರಿನಲ್ಲಿ ಎರಡನೇ ಸಂಜೆ ನಾನು ಟೆಂಟಿನಲ್ಲಿ ಇರಲಿಲ್ಲ. ಸ್ಟೇಷನ್ ಪಕ್ಕ ಡೋನರ್ ಎಂಬ ಬಿಸಿ ಮಾಂಸದ ರೋಲ್ ತಿನ್ನುತ್ತಿದ್ದೆ. ಮೂರನೇ ಸಂಜೆಯೂ. ಒಲೆ ಹಚ್ಚಿದ್ದು ಒಂದೇ ಸಲ. ಇಪ್ಪತ್ತು ಎಂದು ಬರೆದದ್ದು ಯಾಕೆಂದರೆ, ಅಂಗಡಿಯಲ್ಲಿ ಸಿಗುವ ಪ್ಯಾಕೆಟ್‌ನಲ್ಲಿ ಇಪ್ಪತ್ತೇ ಬಿಲ್ಲೆ ಇರುವುದು.